ಬೀಬಕ್ಕನ ಶೆಡ್ಡು

ಹಂಪವ್ವ ನೆಲಕ್ಕೆ ಕೆನ್ನೆ ಹಚ್ಚಿ ಮಂಚದ ಕೆಳಗೆ ಕೈ ಚಾಚಿದ್ದಳು. ಮಂಚದ ಮೇಲೆ ಹಮೀದಾಬಿಯ ದೇಹವಿತ್ತು. ಕೆಳಗೆ, ಗೋಡೆಯ ಮೂಲೆಗೆ ಬೆನ್ನು ಒತ್ತಿಕೊಂಡು, ಎರಡೂ ಕಣ್ಣಿಗೆ ಪೊರೆ ಬಂದಿದ್ದ ಮುದಿ ನಾಯಿ ಗೌಡತಿ ಕೂತಿತ್ತು.

"ಬಾರವ್ವಾ, ಬಾ. ನಿನಗೇನೂ ಮಾಡಂಗಿಲ್ಲ. ಒಂದೀಟು ಹೊರಗ ಬಾ."

ಗೌಡತಿ ಕದಲಲಿಲ್ಲ. ಹಮೀದಾಬಿ ಮಲಗಿದಾಗಲೆಲ್ಲ ಅದು ಮಲಗುತ್ತಿದ್ದ ಜಾಗ ಅದೇ. ಇವತ್ತು ಯಾಕೆ ಏಳಬೇಕೆಂದು ಅದಕ್ಕೆ ಗೊತ್ತಾಗುವಂತಿರಲಿಲ್ಲ.

ಮಯ್ಯತ್ತಿಗೆ ಸ್ನಾನ ಮಾಡಿಸಲು ಕುಷ್ಟಗಿಯಿಂದ ಬಂದ ಹೆಂಗಸರು ಹೊಸ್ತಿಲಾಚೆ ನಿಂತಿದ್ದರು. ಅವರಲ್ಲಿ ಹಿರಿಯಳಾದ ಮುಬಾಶಿರಾ ಕಫನದ ಬಟ್ಟೆಯನ್ನು ಎದೆಗೆ ಅವಚಿಕೊಂಡಿದ್ದಳು. "ಬ್ಯಾಸರಾ ಮಾಡ್ಕೋಬ್ಯಾಡವ್ವಾ ನಾಹೀದಾ," ಎಂದಳು, "ನಿಮ್ಮಮ್ಮನ ಮ್ಯಾಲ ನನಗ ಯಾವ ಸಿಟ್ಟೂ ಇಲ್ಲ. ಆದ್ರ ನಾಯಿ ಒಳಗ ಇರೂತನಕ ಗುಸುಲು ಹೆಂಗ ಮಾಡ್ಸೂದು ಹೇಳು."

ಹಮೀದಾಬಿಯ ಒಬ್ಬಳೇ ಮಗಳು ನಾಹೀದಾ ಗಂಗಾವತಿಯಿಂದ ಬಂದು ಅರ್ಧ ತಾಸೂ ಆಗಿರಲಿಲ್ಲ. ಬುರ್ಖಾ ಇನ್ನೂ ತೆಗೆದಿರಲಿಲ್ಲ. ಅವಳು ಹಂಪವ್ವನ ಪಕ್ಕ ಕೂತಳು, ತಾನೂ ಬಗ್ಗಿದಳು, ನಾಯಿಯ ಕುತ್ತಿಗೆಯ ಸಡಿಲ ಚರ್ಮ ಕೈಗೆ ಸಿಕ್ಕಿದ್ದೇ ಎಳೆದಳು. ಗೌಡತಿ ಗುರುಗುಟ್ಟಿ ಅವಳ ಮಣಿಕಟ್ಟಿಗೆ ಬಾಯಿ ಹಾಕಿತು. ನಾಹೀದಾ ಚೀರಿದಳು. ಆದರೆ ಆ ಬಾಯಲ್ಲಿ ಹಲ್ಲೇ ಇರಲಿಲ್ಲ. ಬೆಚ್ಚಗಿನ, ಒದ್ದೆಯಾದ ಒಸಡು ಮಾತ್ರ ಅವಳ ಕೈಯನ್ನು ಒತ್ತಿ ಹಿಡಿದು, ಸ್ವಲ್ಪ ಹೊತ್ತಿಗೆ ತಾನಾಗಿಯೇ ಬಿಟ್ಟಿತು.

ಹಂಪವ್ವ ನಾಯಿಯನ್ನು ಎತ್ತಿಕೊಂಡು ಹಿಂದಿನ ಶೆಡ್ಡಿಗೆ ಹೋದಳು. ಹೆಂಗಸರು ಒಳಗೆ ಬಂದು ಪರದೆ ಕಟ್ಟಿದರು. ನಾಹೀದಾ ತೊಟ್ಟಿಯ ಹತ್ತಿರ ಕೂತು ಕೈ ತೊಳೆದಳು. ಎಷ್ಟು ತೊಳೆದರೂ ಆ ಒಸಡಿನ ಬಿಸಿ ಹೋಗಲಿಲ್ಲ.

*

ಹಮೀದಾಬಿಗೆ ಮೊದಲಿನಿಂದ ನಾಯಿಗಳ ಮೇಲೆ ವಿಶೇಷ ಅಕ್ಕರೆಯೇನೂ ಇರಲಿಲ್ಲ. ಗಂಡ ಜಿಲಾನಿ ಯಲಬುರ್ಗಾ ರಸ್ತೆಯ ದಾಳಿಂಬೆ ತೋಟವೊಂದರಲ್ಲಿ ಕಾವಲಿಗಿದ್ದ. ಹಂದಿಗಳನ್ನೂ ಹಣ್ಣುಗಳ್ಳರನ್ನೂ ಓಡಿಸಲು ತೋಟದ ಸಾವಕಾರರು ಮೂರು ನಾಯಿ ಸಾಕಿದ್ದರು. ಆಮೇಲೆ ಗಿಡಗಳಿಗೆ ಅಂಗಮಾರಿ ರೋಗ ಬಿತ್ತು. ಹಣ್ಣುಗಳು ಗಿಡದಲ್ಲೇ ಕಪ್ಪಾಗಿ ಬಿರಿಯತೊಡಗಿದವು. ಎರಡು ವರ್ಷ ಔಷಧಿ ಹೊಡೆದು ಸೋತ ಸಾವಕಾರರು ಜೆಸಿಬಿ ತರಿಸಿ ಗಿಡಗಳನ್ನೆಲ್ಲ ಕೀಳಿಸಿ ಬೆಂಕಿ ಹಚ್ಚಿಸಿದರು. ಹಣ್ಣು ತುಂಬುವ ಶೆಡ್ಡು ಮತ್ತು ಅದಕ್ಕೆ ಹೊಂದಿಕೊಂಡಿದ್ದ ಕೋಣೆ ಉಳಿದವು. "ನೀವು ಇರೂತನಕ ಇಲ್ಲೇ ಇರ್ರಿ," ಎಂದು ಜಿಲಾನಿಗೆ ಹೇಳಿ ಅವರು ಊರ ಮನೆಗೆ ಹೋದರು. ನಾಯಿಗಳ ಬಗ್ಗೆ ಯಾರೂ ಏನೂ ಹೇಳಲಿಲ್ಲ.

ಹೊತ್ತು ಮುಳುಗುತ್ತಿದ್ದಂತೆ ಮೂರೂ ನಾಯಿಗಳು ಎದ್ದು ಮೈ ಕೊಡವಿ ಹೊರಡುತ್ತಿದ್ದವು. ಬರಿ ಬೂದಿ, ಬರಿ ಕೆಂಪು ಮಣ್ಣಿನ ಹೊಲ. ಆದರೂ ಅವು ಇಲ್ಲದ ಬೇಲಿಯ ಗುಂಟ ಸುತ್ತು ಹಾಕಿ, ಮೊದಲಿನ ಮೂಲೆಗಳಲ್ಲೇ ನಿಂತು ಬೊಗಳಿ ಬರುತ್ತಿದ್ದವು. ಹಮೀದಾಬಿ ಬಾಗಿಲಲ್ಲಿ ಕೂತು ಕೌದಿ ಹೊಲಿಯುತ್ತ ನೋಡುತ್ತಿದ್ದಳು.

"ಇವಕ್ಕ ಯಾರೂ ಹೇಳಿಲ್ಲ ಕಾಣ್ತೈತಿ, ತ್ವಾಟ ಹೋತಂತ," ಎಂದಳು ಗಂಡನಿಗೆ.

ಅವತ್ತು ತಮಗೆ ಕುದಿಸಿದ ಜೋಳದ ನುಚ್ಚಿಗೆ ಇನ್ನೊಂದು ತಂಬಿಗೆ ನೀರು ಹೆಚ್ಚು ಹಾಕಿದಳು. ಶುರುವಾದದ್ದು ಹೀಗೆ.

ಜಿಲಾನಿ ಎದೆನೋವಿನಿಂದ ತೀರಿಕೊಂಡ. ಆ ಮೂರು ನಾಯಿಗಳೂ ಮುದಿಯಾಗಿ ಒಂದೊಂದಾಗಿ ಸತ್ತವು. ಅಷ್ಟರಲ್ಲಿ ಹೆದ್ದಾರಿಯಲ್ಲಿ ಲಾರಿ ಬಡಿದು ಸೊಂಟ ಮುರಿದಿದ್ದ ಒಂದನ್ನು ಯಾರೋ ತಂದು ಬಿಟ್ಟಿದ್ದರು. ಕೊಪ್ಪಳದ ಬಟ್ಟೆ ವ್ಯಾಪಾರಿಯೊಬ್ಬ ಕಾರಿನಲ್ಲಿ ಬಂದು ಮೈತುಂಬ ಗಂಟೆದ್ದ ಜಾತಿನಾಯಿ ರಾಕಿಯನ್ನು ಇಳಿಸಿ, ಕಣ್ಣೊರೆಸಿಕೊಂಡು ಹೋಗಿದ್ದ. ಮರಿ ತಂದರೆ ಹಮೀದಾಬಿ ಇಟ್ಟುಕೊಳ್ಳುತ್ತಿರಲಿಲ್ಲ. "ಮರಿ ಆದ್ರ ಯಾರರೆ ಒಯ್ತಾರ್ರೀ. ಮುದುಕರ್ನ ಯಾರ ಒಯ್ತಾರ?" ಎನ್ನುತ್ತಿದ್ದಳು. ಕೌದಿ ಹೊಲಿದು ಉಳಿದ ತುಂಡುಗಳನ್ನು ಗೋಣಿಚೀಲಕ್ಕೆ ತುಂಬಿ ಅವುಗಳ ಮುರುಕು ಎಲುಬಿಗೆ ಹಾಸಿಗೆ ಮಾಡುತ್ತಿದ್ದಳು. ನಮಾಜಿಗೆಂದೇ ಬೇರೆ ಸೀರೆಯೊಂದನ್ನು ನಾಯಿಗಳಿಗೆ ತಾಗದಂತೆ ಎತ್ತರದ ಗೂಟಕ್ಕೆ ಹಾಕಿಟ್ಟಿದ್ದಳು. ಐದು ಹೊತ್ತೂ ಕೈಕಾಲು ತೊಳೆದು, ಸೀರೆ ಬದಲಿಸಿ, ನಮಾಜು ಮುಗಿಸಿ, ಮತ್ತೆ ಹಳೇ ಸೀರೆ ಉಟ್ಟು ಅವುಗಳ ನಡುವೆ ಬರುತ್ತಿದ್ದಳು.

ಊರು ಅವಳ ಕೈ ಬಿಡಲಿಲ್ಲ. ಮಟನ್ ಅಂಗಡಿಯ ಶಫೀಸಾಬ ದಿನಾಲು ಎಲುಬು, ಪುಪ್ಪುಸ ಕಳಿಸಿದ. ಖಾನಾವಳಿಯಿಂದ ಉಳಿದ ರೊಟ್ಟಿ ಬಂತು. ದನದ ದವಾಖಾನೆಯಿಂದ ನಿವೃತ್ತನಾಗಿದ್ದ ಬಾಲಪ್ಪ ಸೂಜಿ ಮಾಡಲು ಬರತೊಡಗಿದ. ಹೈಸ್ಕೂಲಿನ ರೇಣುಕಾ ಅಕ್ಕೋರು ಫೋನಿನಲ್ಲಿ ಒಂದು ಗ್ರೂಪು ಮಾಡಿ ಅಕ್ಕಿ ಕೂಡಿಸಿದರು. ಹಮೀದಾಬಿ ಎಲ್ಲರಿಗೂ ಬೀಬಕ್ಕನಾದಳು. ಕುಷ್ಟಗಿಯಲ್ಲಿ ಯಾರನ್ನು ಕೇಳಿದರೂ "ಬೀಬಕ್ಕನ ಶೆಡ್ಡು" ತೋರಿಸುತ್ತಿದ್ದರು, ಅದೂ ಒಂದು ಹೆಮ್ಮೆಯಿಂದ.

*

ಅಂಗಳದಲ್ಲಿ ಶಾಮಿಯಾನಾ ಹಾಕಿದ್ದರು. ಇಳಿಹೊತ್ತಿನ ಅಸರ್ ನಮಾಜಿನ ನಂತರ ಮಣ್ಣು ಎಂದು ನಿಶ್ಚಯವಾಗಿತ್ತು. ಅಲ್ಲಿಯವರೆಗೆ ಬಂದವರು ಕುರ್ಚಿಗಳ ಮೇಲೆ ಕೂತು ತಗ್ಗಿದ ದನಿಯಲ್ಲಿ ಮಾತಾಡುತ್ತಿದ್ದರು. ನಾಹೀದಾ ಕಿಟಕಿಯ ಪರದೆಯ ಹಿಂದೆ ಕೂತು ಎಲ್ಲ ಕೇಳಿಸಿಕೊಳ್ಳುತ್ತಿದ್ದಳು.

"ಮುಂಜಾನಿ ನಾ ನೀರಿಗೆ ಬಂದಾಗ ಒಲಿ ಮುಂದ ಕುಂತಿದ್ಲು," ಹಂಪವ್ವ ಹೊಸದಾಗಿ ಬಂದವರಿಗೆಲ್ಲ ಹೇಳುತ್ತಿದ್ದಳು. ಅವಳು ಪಕ್ಕದ ಹೊಲದಲ್ಲಿ ಗುಡಿಸಲು ಹಾಕಿಕೊಂಡು ಕೂಲಿ ಮಾಡುವವಳು. "ನುಚ್ಚು ತಳಾ ಹಿಡದು ವಾಸನಿ ಬರಾಕತ್ತಿತ್ತು. ಬೀಬಕ್ಕಾ, ಹತ್ತೇತಿ ನೋಡು ಅಂದೆ. ಗ್ವಾಡಿಗಿ ಆನಿಕೊಂಡು ಹಂಗ ಕುಂತಿದ್ಲು. ಸುತ್ತ ಎಲ್ಲಾ ಕುಂತಿದ್ವು, ಯಾವಾಗ ಹಾಕ್ತಾಳಂತ ಮಾರಿ ನೋಡಕೋತ."

ಹಿಂದಿನ ಶೆಡ್ಡಿನಿಂದ ಒಂದು ನಾಯಿ ಕೆಮ್ಮಿದ್ದು ಕೇಳಿಸಿತು.

"ಈಗ ಇವುಗಳ ಗತಿ?" ಶಫೀಸಾಬ ಕೇಳಿದ. ಅವನು ಜಮಾತಿನ ಹಿರಿಯನೂ ಹೌದು. "ನನ್ನ ಅಂಗಡಿ ನಡ್ಯೂತನಕ ಎಲುಬಿಗೆ ಏನೂ ಕಮ್ಮಿ ಇಲ್ಲ. ಆದ್ರ ಕುದಿಸಿ ಹಾಕೋರ್ಯಾರು?"

"ನಾ ಗ್ರೂಪಿನ್ಯಾಗ ಬರದೀನ್ರಿ," ಎಂದರು ರೇಣುಕಾ ಅಕ್ಕೋರು. ಅವರ ಮೂಗು ಅತ್ತು ಕೆಂಪಾಗಿತ್ತು. "ಬೀಬಕ್ಕ ಹೋದ್ಲು ಅಂದಕೂಡ್ಲೆ ಎಲ್ಲಾರೂ ಕೈ ಮುಗ್ಯೂ ಚಿತ್ರಾ ಹಾಕಿದ್ರು. ಒಬ್ಬೊಬ್ಬರು ಒಂದೊಂದು ನಾಯಿ ಒಯ್ರಿ ಅಂತ ಹಾಕ್ದೆ. ಅದಕ್ಕೂ ಕೈ ಮುಗದ್ರು. ಯಾರೂ ಹೂಂ ಅನ್ಲಿಲ್ಲ."

"ಅಕ್ಕೋರ, ನೀವು?" ಎಂದು ಬಾಲಪ್ಪ ಕೇಳಿಬಿಟ್ಟು, ಕೇಳಬಾರದಿತ್ತೆಂಬಂತೆ ತಲೆ ತಗ್ಗಿಸಿದ.

"ಮ್ಯಾಲಿನ ಮನಿ ಬಾಡಿಗಿ ಐತಿ ನಮ್ದು. ಬೆಕ್ಕು ಸಾಕಿದ್ದಕ್ಕನ ಬಿಡಿಸೋದ್ರಾಗ ಇದ್ರು."

"ನಾ ಸುಮ್ನ ಕೇಳ್ದೆ ಬಿಡ್ರಿ. ನನ್ನ ಸೊಸಿ ಬಸರಿ ಅದಾಳ, ನಾಯಿ ಅಂದ್ರ ಹರ್ದಾರಿ ಓಡ್ತಾಳ. ಸೂಜಿ ಮಾಡಾಕ ಯಾವಾಗ ಕರದ್ರೂ ಬರ್ತೀನಿ. ಮನಿಗಿ ಒಯ್ಯಂದ್ರ…" ಬಾಲಪ್ಪ ಕೈ ಚೆಲ್ಲಿದ.

ತೋಟದ ಸಾವಕಾರರ ಮಗ ಪರಮೇಶನೂ ಬಂದಿದ್ದ. "ಶೆಡ್ಡಿನ ಚಿಂತಿ ಮಾಡಬ್ಯಾಡ್ರಿ," ಎಂದ. "ನಮ್ಮಪ್ಪ ಕೊಟ್ಟ ಮಾತು, ಹಂಗ ನಡೀಲಿ. ನೀರಿನ ಮೋಟಾರೂ ಬಂದ್ ಮಾಡಂಗಿಲ್ಲ. ಆದ್ರ ಇಲ್ಲಿ ಇರೋರು ಯಾರು?"

ಹುಬ್ಬಳ್ಳಿ ಕಡೆಯ ಒಂದು ಆಶ್ರಯಕ್ಕೆ ರೇಣುಕಾ ಅಕ್ಕೋರು ಬೆಳಿಗ್ಗೆಯೇ ಫೋನು ಮಾಡಿದ್ದರು. ಅವರು ಒಳ್ಳೆಯ ಮಾತಿನಲ್ಲೇ ಹೇಳಿದ್ದರಂತೆ: ಜಾಗ ಇಲ್ಲ, ಇದ್ದರೂ ಮುದಿಯವನ್ನು ತೆಗೆದುಕೊಳ್ಳುವುದಿಲ್ಲ, ಅವನ್ನು ಒಯ್ಯಲು ಯಾರೂ ಮುಂದೆ ಬರುವುದಿಲ್ಲ.

ಯಾರ ಮಾತೂ ಸುಳ್ಳಾಗಿರಲಿಲ್ಲ. ಪರದೆಯ ಹಿಂದೆ ಕೂತ ನಾಹೀದಾಗೆ ಅದನ್ನೇ ತಾಳಲಾಗಲಿಲ್ಲ. ಒಬ್ಬರಾದರೂ ಕೆಟ್ಟವರಿದ್ದಿದ್ದರೆ ಅವರನ್ನು ಬೈದು ಹಗುರಾಗಬಹುದಿತ್ತು.

ಜನಾಜಾ ಎದ್ದಿತು. ಶಫೀಸಾಬನೂ ನಾಹೀದಾಳ ಗಂಡ ಮುನವ್ವರನೂ ಮುಂದೆ ಹೆಗಲು ಕೊಟ್ಟರು. ಬಾಲಪ್ಪ ಹಿಂದೆ ಹಿಂದೆ ಸರಿಯುತ್ತಿದ್ದುದನ್ನು ಕಂಡು ಶಫೀಸಾಬ, "ಬಾರೋ, ನೀನೂ ಹಿಡಿ," ಎಂದ. ಕಲಿಮಾ ಹೇಳುತ್ತ ಗಂಡಸರು ರಸ್ತೆಗಿಳಿದರು. ಹೆಂಗಸರು ಬಾಗಿಲಲ್ಲಿ ಉಳಿದರು. ನಾಯಿಗಳು ಊಳಿಡಬಹುದೆಂದು ಮುಬಾಶಿರಾ ಹೆದರಿದ್ದಳು. ಒಂದೂ ಬೊಗಳಲಿಲ್ಲ. ಶೆಡ್ಡಿನ ತಗಡಿನ ನೆರಳಲ್ಲಿ ರಾಕಿ ಮೈಮೇಲಿನ ನೊಣ ಹೊಡೆಯುತ್ತ ಕೂತಿತ್ತು.

*

ಹಮೀದಾಬಿ ಮಗಳ ಮನೆಯಲ್ಲಿ ಉಳಿದದ್ದು ಒಂದೇ ಸಲ, ಹೋದ ವರ್ಷದ ರಮಜಾನಿನಲ್ಲಿ. ಗಂಗಾವತಿಯ ಓಣಿಯೊಳಗಿನ ಎರಡು ಕೋಣೆಯ ಮನೆ. ಅತ್ತೆ, ಮಾವ, ಮಕ್ಕಳು. ಮುನವ್ವರನಿಗೆ ಅಕ್ಕಿ ಗಿರಣಿಯಲ್ಲಿ ರಿಪೇರಿ ಕೆಲಸ. ನಾಹೀದಾ ಅತ್ತೆಯನ್ನು ಒಪ್ಪಿಸಿ, ಕಿಟಕಿಯ ಹತ್ತಿರ ಅಮ್ಮನಿಗೆ ಹಾಸಿಗೆ ಹಾಕಿದ್ದಳು. "ಎಂಟು ದಿನಾ ಇರ್ತೀನಿ," ಎಂದಿದ್ದಳು ಹಮೀದಾಬಿ. ಮೊಮ್ಮಕ್ಕಳ ಜೊತೆ ಇಫ್ತಾರಿಗೆ ಕೂತಾಗ ಅವಳ ಮುಖ ಎಷ್ಟೋ ವರ್ಷಗಳ ಮೇಲೆ ಸಡಿಲಾಗಿತ್ತು.

ನಾಲ್ಕನೇ ದಿನ ಹಂಪವ್ವ ಫೋನು ಮಾಡಿದಳು. ಸೊಂಟ ಮುರಿದ ನಾಯಿ ತಿನ್ನುತ್ತಿಲ್ಲ, ಬಾಗಿಲು ಬಿಟ್ಟು ಏಳುತ್ತಿಲ್ಲ. ಹಮೀದಾಬಿ ಫೋನು ಇಟ್ಟವಳೇ ಹಾಸಿಗೆ ಮಡಚಿದಳು.

"ಎಂಟು ದಿನಾ ಅಂದಿದ್ದಿ."

"ಅಂದಿದ್ದೆ ಬೇಟಾ."

"ನಾ ನಿನ್ನ ಮಗಳು ಅಮ್ಮಾ. ಅವು ನಾಯಿ."

ಹಮೀದಾಬಿ ಗಂಟು ಬಿಗಿಯುತ್ತಲೇ ಇದ್ದಳು.

"ನಿನಗ ಎಲ್ಲಾರೂ ಅದಾರಲ್ಲ," ಎಂದಳು ಹಮೀದಾಬಿ ಕೊನೆಗೆ.

ಅಮ್ಮ ಬಸ್ಸು ಹತ್ತುವಾಗ ನಾಹೀದಾ ನಿಲ್ದಾಣದವರೆಗೆ ಹೋಗಲಿಲ್ಲ. ಆಮೇಲೆ ಶುಕ್ರವಾರ ಶುಕ್ರವಾರ ಫೋನು ಬರುತ್ತಿತ್ತು. ಅಮ್ಮ ಮಕ್ಕಳ ಬಗ್ಗೆ ಕೇಳುತ್ತಿದ್ದಳು. ಮಗಳು ನಾಯಿಗಳ ಬಗ್ಗೆ ಒಮ್ಮೆಯೂ ಕೇಳಲಿಲ್ಲ. ಆ ಸೊಂಟ ಮುರಿದ ನಾಯಿ ಬದುಕಿತೋ ಸತ್ತಿತೋ ಅವಳಿಗೆ ಇವತ್ತಿಗೂ ಗೊತ್ತಿರಲಿಲ್ಲ.

*

ಗಂಡಸರು ಕಬರಸ್ತಾನದಿಂದ ಇನ್ನೂ ಬಂದಿರಲಿಲ್ಲ. ಸಂಜೆಯ ಹೊತ್ತಿಗೆ ಶೆಡ್ಡಿನಲ್ಲಿ ಸದ್ದು ಶುರುವಾಯಿತು. ಮೊದಲು ಒಂದು ಕುಂಯ್‌ಗುಟ್ಟಿತು. ಆಮೇಲೆ ಎಲ್ಲವೂ. ಸರಪಳಿಗಳು ತಗಡಿಗೆ ಬಡಿದವು.

"ಹಸದಾವ," ಎಂದಳು ಹಂಪವ್ವ. "ಮುಂಜಾನಿದು ಹೊತ್ತಿ ಹೋತು. ಎರಡು ಹೊತ್ತಾತು ಬಾಯಿಗೇನೂ ಹತ್ತಿಲ್ಲ."

"ಒಲಿ ಹಚ್ಚಬಾರದು," ಮುಬಾಶಿರಾ ಮೆತ್ತಗೆ ಹೇಳಿದಳು. "ಮಯ್ಯತ್ತಾದ ಮನಿ ಇದು."

"ನಮ್ಮಲ್ಲೂ ಹಚ್ಚಂಗಿಲ್ರಿ. ಗೊತ್ತೈತಿ ನನಗ."

ಮೂವರೂ ತಣ್ಣಗಾದ ಒಲೆಯನ್ನು ನೋಡಿದರು. ಮನುಷ್ಯರಿಗೆಂದು ಸಂಬಂಧಿಕರ ಮನೆಯಿಂದ ಬಂದ ಖಿಚಡಿಯ ಪಾತ್ರೆ ಮೂಲೆಯಲ್ಲಿತ್ತು. ಅದು ಅಷ್ಟು ನಾಯಿಗಳ ಅರ್ಧ ಹೊಟ್ಟೆಗೂ ಸಾಲುವಂತಿರಲಿಲ್ಲ. ಹಂಪವ್ವ ಸೆರಗು ಸಿಕ್ಕಿಸಿ, ನುಚ್ಚಿನ ಚೀಲವನ್ನು ಕಂಕುಳಲ್ಲಿ ಹಿಡಿದು ತನ್ನ ಗುಡಿಸಲಿನತ್ತ ನಡೆದಳು. ಮುಬಾಶಿರಾಳೂ ಎದ್ದಳು. ದೊಡ್ಡ ಪಾತ್ರೆಯ ಒಂದು ಕಿವಿ ಹಿಡಿದುಕೊಳ್ಳುತ್ತ, "ನಿಮ್ಮನಿ ಒಲಿಗೇನಾಗೇತಿ, ಅಲ್ಲಿ ಹಚ್ಚಬಹುದು," ಎಂದಳು.

ಬಿಸಿ ನುಚ್ಚು ಬಂದಾಗ ನಾಯಿಗಳು ತಿಂದವು. ಗೌಡತಿ ಮೂಗಿನಿಂದ ತಾಟು ಹುಡುಕಿ, ಮುಖವಿಡೀ ಅದ್ದಿ ತಿಂದಿತು. ರಾಕಿ ತನ್ನದು ಮುಗಿಸಿ ಪಕ್ಕದ ತಾಟಿಗೂ ಬಾಯಿ ಹಾಕಿತು. ನಾಹೀದಾ ಕಂಬಕ್ಕೆ ಒರಗಿ ನೋಡುತ್ತಿದ್ದಳು. ಅವಳ ಕಣ್ಣಲ್ಲಿ ನೀರು ತುಂಬಿ, ಹಾಗೇ ಸಿಟ್ಟು ಬಂತು.

"ತಿಂತಾವ ನೋಡು ಚಿಗವ್ವಾ. ಇವುಗಳ ಸಲುವಾಗಿ ನನ್ನ ಮನಿ ಬಿಟ್ಟು ಬಂದ್ಲು. ಅಕೀನ ಈಗ ಮಣ್ಣಾಗ ಇಟ್ಟಾರ, ಇವು ಆರಾಮ ತಿಂತಾವ."

"ತಿನ್ನಲಾರದ ಏನ ಮಾಡ್ಯಾವವ್ವಾ," ಎಂದಳು ಹಂಪವ್ವ. "ನಿನಗೂ ಒಂದ ತುತ್ತು ಕೊಡ್ತೀನಿ, ಬಾ. ಮುಂಜಾನಿಂದ ನೀನೂ ತಿಂದಿಲ್ಲ."

ನಾಹೀದಾ ನಕ್ಕಂತೆ ಮಾಡಿ ಹಂಪವ್ವನ ಹೆಗಲ ಮೇಲೆ ಮುಖವಿಟ್ಟು ದನಿ ತೆಗೆದು ಅತ್ತಳು. ಬೆಳಗಿನಿಂದ ಅವಳು ಅತ್ತಿರಲಿಲ್ಲ.

ಮುನವ್ವರ ಬಂದು ಟೊಪ್ಪಿಗೆ ತೆಗೆದು ಕಟ್ಟೆಯ ಮೇಲೆ ಕೂತ. ಅವನ ಕಾಲಿಗೆ ಹೊಸ ಮಣ್ಣು ಮೆತ್ತಿತ್ತು. "ಮೂರನೇ ದಿನದ ಜಿಯಾರತ್ತಿನ ತನಕ ನೀ ಇಲ್ಲೇ ಇರು," ಎಂದ. "ಆಮ್ಯಾಲ ನಾ ಏನ ಹೇಳ್ಲಿ ನಾಹೀದಾ? ನಮ್ಮ ಮನ್ಯಾಗ ಒಂದು ಖಾಟು ಹಾಕಾಕ ಜಾಗ ಇಲ್ಲ."

"ನಾ ಏನೂ ಕೇಳಿಲ್ಲಲ್ರಿ."

"ಕೇಳಿಲ್ಲ. ಅದಕ್ಕ ಹೇಳಾಕತ್ತೀನಿ."

"ಮುಂಜಾನಿ ಒಂದ ಹೊತ್ತು ನಾ ಹಾಕ್ತೀನಿ," ಎಂದಳು ಹಂಪವ್ವ. "ಕೂಲಿಗೆ ಹೋಗೂಕಿಂತ ಮುಂಚೆ. ಎಷ್ಟ ದಿನಾ ಅಂತ ಮಾತ್ರ ಕೇಳಬ್ಯಾಡ್ರಿ. ಸುಗ್ಗಿ ಬಂತಂದ್ರ ನಾನೂ ಹೊಳಿಸಾಲಿನ ಊರಿಗೆ ದುಡ್ಯಾಕ ಹೋಗಾಕಿ."

ಅವಳು ತನ್ನ ಎಮ್ಮೆ ಕಟ್ಟಲು ಗುಡಿಸಲಿಗೆ ಹೋದಳು. ಮುಬಾಶಿರಾಳನ್ನೂ ಉಳಿದ ಹೆಂಗಸರನ್ನೂ ಮುನವ್ವರ ಊರಿಗೆ ಬಿಟ್ಟು ಬರಲು ಹೊರಟ. ಶಾಮಿಯಾನಾದವರು ಕುರ್ಚಿ ಎಣಿಸಿ ಗಾಡಿಗೆ ಹಾಕಿಕೊಂಡು ಹೋದರು. ಅಂಗಳ ಬರಿದಾಯಿತು.

*

ಹೊತ್ತು ಮುಳುಗುವಾಗ ಗೇಟಿನ ಮುಂದೆ ಸಾಮಾನು ಹೇರುವ ಆಟೋ ಬಂದು ನಿಂತಿತು. ಕೆಂಪು ರುಮಾಲಿನ, ಕೃಶನಾದ ಕುರಿಗಾಹಿಯೊಬ್ಬ ಹಿಂದಿನಿಂದ ಇಳಿದ. ಅವನ ತೋಳಲ್ಲಿ ಕರಿ ಕಂಬಳಿಯ ಗಂಟಿತ್ತು. ಗಂಟಿನಿಂದ ಹೊರಗೆ, ಮೂತಿಯಲ್ಲಿ ಬಿಳಿಗೂದಲು ತುಂಬಿದ ನಾಯಿಯ ತಲೆ ಕಾಣುತ್ತಿತ್ತು.

"ಬೀಬಕ್ಕನ ಶೆಡ್ಡು ಇದ ಅಲ್ಲೇನ ತಂಗಿ?"

"ಹೌದ್ರಿ."

"ನನ್ನ ಹೆಸರು ಹನಮಪ್ಪ ಅಂತ, ಯಲಬುರ್ಗಾ ಕಡಿಯಾಂವ. ಅಕ್ಕ ಎಲ್ಲ್ಯದಾಳ?"

ಬೆಳಗಿನಿಂದ ಬಂದವರಿಗೆಲ್ಲ ಸುದ್ದಿ ಮೊದಲೇ ಗೊತ್ತಿತ್ತು. ಆ ಮಾತನ್ನು ನಾಹೀದಾ ತನ್ನ ಬಾಯಿಂದ ಒಬ್ಬರಿಗೂ ಹೇಳಬೇಕಾಗಿ ಬಂದಿರಲಿಲ್ಲ.

"ತೀರ್ಕೊಂಡ್ಲು," ಎಂದಳು. ದನಿ ಅವಳಿಗೇ ಬೇರೆಯವರದೆಂಬಂತೆ ಕೇಳಿಸಿತು. "ಈಗ ಮಣ್ಣು ಕೊಟ್ಟು ಬಂದಾರ. ನನ್ನ ಅಮ್ಮ ಅಕಿ."

ಹನಮಪ್ಪ ನಾಯಿಯನ್ನು ನೆಲಕ್ಕಿಳಿಸಿ, ರುಮಾಲು ತೆಗೆದು ಕೈಯಲ್ಲಿ ಹಿಡಿದು ಕುಕ್ಕರುಗಾಲಲ್ಲಿ ಕೂತ. "ಶಿವನೇ," ಎಂದ.

"ಇದರ ಹಿಂದಿನ ಕಾಲು ಎರಡೂ ಹೋಗ್ಯಾವ ತಂಗಿ," ಎಂದು ಆಮೇಲೆ ಹೇಳಿದ, ಯಾರಿಗೋ ಲೆಕ್ಕ ಒಪ್ಪಿಸುವವನಂತೆ. "ತ್ವಾಳದ ಬಾಯಿಂದ ಮರಿ ಕಸ್ಕೊಂಡು ಬಂದ ನಾಯಿ ಇದು. ಒಂದು ವರ್ಷ ಆತು, ಹೆಗಲ ಮ್ಯಾಲ ಹೊತಗೊಂಡ ತಿರಗೀನಿ. ಈಗ ನನ್ನ ಮೊಣಕಾಲೂ ಹೋದ್ವು. ನಾಳೆ ಕುರಿ ಹೊಡಕೊಂಡು ಭತ್ತದ ಗದ್ದಿ ಕಡಿ ಹೊಂಟೀವಿ. ಅಲ್ಲೀಮಟ ಹೊರಾಕ ನನ್ನ ಕೈಲೆ ಆಗಂಗಿಲ್ಲ. ಬೀಬಕ್ಕ ಅಂತಾಕಿ ಅದಾಳ, ಮುದಿ ನಾಯಿ ಇಟ್ಕೋತಾಳ ಅಂತ ಹೇಳಿದ್ರು. ಅದಕ್ಕ ಬಂದೆ."

ನಾಹೀದಾಗೆ ಬಿಡ್ರಿ ಎನ್ನಲೂ ಆಗಲಿಲ್ಲ, ಒಯ್ರಿ ಎನ್ನಲೂ ಆಗಲಿಲ್ಲ.

"ನಾ ಇಲ್ಲಿ ಇರಾಕಿ ಅಲ್ರಿ ಕಾಕಾ. ಮೂರು ದಿನಕ್ಕ ಹೋಗಾಕಿ. ಇದ್ದ ನಾಯಿಗೇ ಈಗ ಯಾರೂ ಇಲ್ಲ."

"ಖರೆ, ಖರೆ. ನೀನರ ಏನ ಮಾಡ್ತೀ ಪಾಪ," ಎಂದ ಅವನು ಅವಸರದಿಂದ, ಅವಳನ್ನೇ ಸಮಾಧಾನ ಮಾಡುವವನಂತೆ. "ಒಂದ ತಂಬಗಿ ನೀರ ಕೊಡವ್ವಾ."

ಅವಳು ನೀರು ತಂದಳು. ಅವನು ತಾನು ಕುಡಿಯಲಿಲ್ಲ. ಬೊಗಸೆಗೆ ಸುರಿದುಕೊಂಡು ನಾಯಿಯ ಮುಂದೆ ಹಿಡಿದ. ಅದು ಕುಡಿದು ಮುಗಿಸಿದ ಮೇಲೂ ಅವನ ಅಂಗೈ ನೆಕ್ಕುತ್ತಿತ್ತು. ತಂಬಿಗೆ ತಿರುಗಿ ಕೊಟ್ಟು, ನಾಯಿಯನ್ನು ಕಂಬಳಿಯಲ್ಲಿ ಸುತ್ತಿ ಎತ್ತಿಕೊಂಡು, "ಬರ್ತೀವಿ ತಂಗಿ, ಧೈರ್ಯ ತಗೋ," ಎಂದು ಆಟೋ ಹತ್ತಿದ.

ಆಟೋ ಯಲಬುರ್ಗಾ ದಿಕ್ಕಿಗೆ ಹೋಯಿತು. ನಾಹೀದಾ ಗೇಟಿನ ಚಿಲಕ ಹಾಕಲು ಕೈ ಎತ್ತಿದಳು. ಸ್ವಲ್ಪ ಮುಂದೆ, ರಸ್ತೆ ಬದಿಯ ಜಾಲಿ ಕಂಟಿಯ ಹತ್ತಿರ ಇಂಜಿನ್ನಿನ ಸದ್ದು ನಿಂತಿತು. ಅವಳ ಕೈ ಚಿಲಕದ ಮೇಲೆ ಹಾಗೇ ಉಳಿಯಿತು. ಯಾರ ಮಾತೂ ಕೇಳಿಸಲಿಲ್ಲ. ಸ್ವಲ್ಪ ಹೊತ್ತಿನ ಮೇಲೆ ಇಂಜಿನ್ನು ಮತ್ತೆ ಶುರುವಾಗಿ, ಮೊದಲಿಗಿಂತ ಜೋರಾಗಿ ದೂರವಾಯಿತು.

ಅವಳು ರಸ್ತೆಗಿಳಿದು ನಡೆದಳು. ಆಮೇಲೆ ಓಡಿದಳು.

ಜಾಲಿಯ ಬುಡದಲ್ಲಿ ಹನಮಪ್ಪ ಕಲ್ಲು ಸರಿಸಿ, ಕಂಬಳಿಯನ್ನು ನಾಲ್ಕು ಮಡಿಕೆ ಮಾಡಿ ಹಾಸಿದ್ದ. ಅದರ ಮೇಲೆ ನಾಯಿ ಮುಂಗಾಲು ಎರಡನ್ನೂ ಊರಿ, ಸೊಂಟದ ಕೆಳಗಿನ ಮೈಯನ್ನು ಹಿಂದೆ ಬಿಟ್ಟುಕೊಂಡು, ಕತ್ತು ಎತ್ತಿ ಕೂತಿತ್ತು. ಆಟೋದ ಕೆಂಪು ದೀಪ ತಿರುವಿನಲ್ಲಿ ಮರೆಯಾಗಿತ್ತು. ಧೂಳು ಇನ್ನೂ ಇಳಿದಿರಲಿಲ್ಲ. ನಾಹೀದಾ ಹತ್ತಿರ ಬಂದು ನಿಂತಾಗ ಅದು ಒಂದು ಸಲ ಕಿವಿ ಆಡಿಸಿತು, ಅವಳ ಕಡೆ ನೋಡದೆ ರಸ್ತೆಯನ್ನೇ ನೋಡುತ್ತ ಕೂತಿತು.